ಸಾಹ್ವಿರಾನ ನಡಿಗೆ

ಮೈಕು ಮತ್ತೆ ಕಿರ್ರೆಂದಿತು, ಶಾಲೆಯ ತಗಡಿನ ಕೆಳಗೆ ಇಷ್ಟು ಜನ ಕೂತರೆ ಗಾಳಿಯಾದರೂ ಎಲ್ಲಿಂದ ಬರಬೇಕು, ಹರಾರೆಯಿಂದ ಬಂದ ಹೆಂಗಸು ಹೇಳಿದ್ದನ್ನೇ ಹೇಳುತ್ತಿದ್ದಾಳೆ, ಇದು ಹೊಸ ಆಯೋಗ, ಸ್ವತಂತ್ರ ಆಯೋಗ, ಯಾರ ಕೈಕೆಳಗೂ ಇಲ್ಲ, ದೇಶ ಶಾಂತವಾಗ್ಬೇಕು, ಜನ ಒಂದಾಗ್ಬೇಕು, ಚುನಾವಣೆ ಹೊತ್ತಲ್ಲಿ ಏನೇನಾಯ್ತು ಹೆದ್ರದೆ ಹೇಳಿ ಅಮ್ಮಾ — ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಶೂವಾಯಿಗೆ ಸಾಕಾಗಿದೆ ಅಷ್ಟೇ, ಮಾವನ ಕಾಲದಲ್ಲೂ ಒಂದು ಆಯೋಗ ಬಂದು ಎಲ್ಲ ಬರೆದುಕೊಂಡು ಹೋಗಿತ್ತು, ಹೋದದ್ದು ಹೋಗಿಯೇ ಬಿಟ್ಟಿತು, ಮುಂದಿನ ಬೆಂಚಿನಲ್ಲಿ ಜೈರೋಸಿಯ ಕತ್ತು, ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು, ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಸಿಕ್ಕಿದ್ದ, ಎಲ್ಲರಂತೆ ಮಗಳ ಹೆಸರು ಹಿಡಿದೇ ಕರೆದ, ಏನ್ ಮಾಯಿ ರುದೋ, ಇಷ್ಟು ಸಿಂಗಾರ, ಆಯೋಗದಲ್ಲಿ ಗಂಡು ಹುಡುಕ್ತೀಯಾ, ಅವಳು ನಕ್ಕಿದ್ದಳು, ಅವನ ಮಾತಿಗೆ ನಗಲೇಬೇಕು, ಅಜ್ಜಂದಿರ ಕಾಲದಿಂದ ಬಂದ ನಂಟಿನಂತೆ ಅವಳ ಗಂಡನ ಮನೆಯ ಸಾಹ್ವಿರಾ ಅವನು, ಸಾವಾದರೆ ಗುಂಡಿ ತೋಡುವವನು, ಸತ್ತವರ ಬಟ್ಟೆ ತೊಟ್ಟು ಅವರಂತೆಯೇ ಆಡಿ ಅಳುವವರನ್ನು ನಗಿಸುವವನು, ಅವನ ಮೇಲೆ ಯಾರೂ ಸಿಟ್ಟಾಗುವ ಹಾಗಿಲ್ಲ, ಪ್ರತಿ ವರ್ಷ ತನ್ನ ಹೊಲ ಬಿಟ್ಟು ಮೊದಲು ಅವಳ ಹೊಲ ಉಳುತ್ತಾನೆ, ಯಾಕೆ ಎಂದು ಅವಳು ಯಾವತ್ತೂ ಕೇಳಿಲ್ಲ.

ಆ ಚುನಾವಣೆಯ ಚಳಿಗಾಲ, ಪಕ್ಷದ ಅಂಗಿ ತೊಟ್ಟ ಹುಡುಗರು ಅವಳ ಗಂಡ ಮಾರ್ವೇಯಿಯನ್ನು ಊಟದಿಂದಲೇ ಎಬ್ಬಿಸಿಕೊಂಡು ಹೋದರು, ಬೆರಳಲ್ಲಿ ಸಾಡ್ಜಾ ಮುದ್ದೆ ಇನ್ನೂ ಅಂಟಿತ್ತು, ನೆಟ್ಟಗೆ ನಡೆದುಕೊಂಡೇ ಹೋದ, ಆಮೇಲೆ ಸಿಕ್ಕಿದ್ದು ಹೊಳೆಯ ದಂಡೆಯಲ್ಲಿ, ಹೆಣವಾಗಿ. ಮಣ್ಣಿನ ದಿನ ಜೈರೋಸಿ ಅವನ ಟೋಪಿ ಕೋಟು ಹಾಕಿಕೊಂಡ, ಅವನ ಕೆಮ್ಮು, ಬಿಯರಿಗೆ ಗೋಗರೆಯುವ ಅವನ ದನಿ, ಹೆಂಗಸರು ಅಳುತ್ತಲೇ ನಕ್ಕರು, ಅವಳೂ ನಕ್ಕಳು, ಆಗ ಎಡಗಾಲು — ಎಡಗಾಲು ಎಳೆಯುತ್ತ ಅಂಗಳ ದಾಟಿದ, ಕುಡಿದವನ ಆಟ ಎಂದು ಎಲ್ಲರೂ ಇನ್ನಷ್ಟು ನಕ್ಕರು, ಮಾರ್ವೇಯಿ ಜನ್ಮದಲ್ಲಿ ಕುಂಟಿದವನಲ್ಲ, ಕುಂಟಿದ್ದರೆ ಅವರು ಹೊಡೆದ ಮೇಲೆ, ಅಲ್ಲಿದ್ದವನಿಗೆ ಮಾತ್ರ ಅದು ಗೊತ್ತು, ಜೈರೋಸಿ ನಡುವೆಯೇ ನಿಂತ, ಟೋಪಿ ತೆಗೆದುಬಿಟ್ಟ. ಬಲವಂತವಾಗಿ ಅವನ ಕೈಗೂ ದೊಣ್ಣೆ ಕೊಟ್ಟಿದ್ದರೇನೋ, ಎಷ್ಟೋ ಜನರಿಗೆ ಕೊಟ್ಟರು, ಬರೀ ನೋಡುತ್ತ ನಿಂತಿದ್ದನೇನೋ, ಅವಳಿಗೆ ಅವನ ಮೇಲೆ ದ್ವೇಷವಿದೆ, ಅವನಿಲ್ಲದೆ ನಡೆಯುವುದೂ ಇಲ್ಲ, ಹೆಸರು ಹೇಳಿದರೆ ಮನೆಯಲ್ಲಿ ಮಲಗಿರುವ ಅತ್ತೆಯನ್ನು ಮಣ್ಣು ಮಾಡುವವರು ಯಾರು, ನಾನ್ ಸತ್ತಾಗ ಜೈರೋಸಿ ನನ್ ಬೈಗುಳನೆಲ್ಲಾ ಒಂದೂ ಬಿಡ್ದೆ ಬೈಬೇಕು ಕಣೇ ಅನ್ನುತ್ತದೆ ಮುದುಕಿ, ಹೇಳದಿದ್ದರೆ ಮಾರ್ವೇಯಿಗೆ ಯಾರಿದ್ದಾರೆ — ಅಮ್ಮಾ, ನಿಮ್ ಸರದಿ, ಅಲ್ಲಿ ಯಾರ್ಯಾರಿದ್ರು, ಹೆಸರು ಗೊತ್ತಾ, ಮೈಕು ಕೈಗೆ ಬಂದಿತ್ತು, ಯಾರದೋ ಬೆವರಿಗೆ ಒದ್ದೆ, ಬಾಗಿಲಲ್ಲಿ ಪೊಲೀಸಿನವನು ಆಕಳಿಸುತ್ತಿದ್ದಾನೆ, ಮುಂದಿನ ಕತ್ತು ಅಲುಗುತ್ತಿಲ್ಲ, ನನ್ ಗಂಡ ಕುಂಟ್ತಿರ್ಲಿಲ್ಲ, ತನ್ನ ದನಿ ತಗಡಿಗೆ ಬಡಿದು ತನಗೇ ಕೇಳಿಸಿತು, ಅರ್ಥ ಆಗ್ಲಿಲ್ಲ ಅಮ್ಮಾ ಎಂದಳು ಹರಾರೆಯವಳು, ಜೈರೋಸಿ ತಿರುಗಿದ, ಬಾಯಲ್ಲಿ ಕುಚೋದ್ಯವಿಲ್ಲ, ಅವನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿದೆ, ಹೇಳಿದರೆ ಅತ್ತೆ, ಹೇಳದಿದ್ದರೆ ಮಾರ್ವೇಯಿ, ಎಡಗಾಲು, ಅಂಗಳದ ಧೂಳು, ಎಡಗಾಲು.