ಬರ್ತಾ ಬಾಯಿಯ ಅಡುಗೆಮನೆಯಲ್ಲಿ ನಿಂತ ನೀಲಿ ಕಂಬ

ಕೇಳಿ, ಇದರಲ್ಲಿ ಸುಳ್ಳಿಲ್ಲ. ಮಸಿ ಮಾತ್ರ ಸ್ವಲ್ಪ ಉಂಟು.

ಎಂಬತ್ತನಾಲ್ಕನೇ ಇಸವಿ. ಇನ್ನಂಜೆಯ ಬರ್ತಾ ಬಾಯಿಯ ಎಂಟು ತಿಂಗಳ ಮೊಮ್ಮಗ ಡೆನಿಸನಿಗೆ ಬಿಡದ ಕೆಮ್ಮು. ಸೊಸೆ ಝೀಟಾ ಒಂದೇ ತಿಂಗಳಲ್ಲಿ ಮೂರು ಸಲ ಮಗುವನ್ನು ಎತ್ತಿಕೊಂಡು ಕಾಪುವಿನ ಡಾಕ್ಟರರ ಹತ್ತಿರ ಓಡಿದ್ದಳು. ಮಗುವಿನ ಎದೆ ಗೊರಗೊರ ಎಂದಾಗಲೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ತೊಟ್ಟಿಲು ಕಟ್ಟಿದ್ದು ಅಡುಗೆಮನೆಯಲ್ಲಿ. ಒಲೆಯ ಮುಂದೆ ಕೂತವರ ಕೈಗೆಟಕುವ ಜಾಗ ಅದೊಂದೇ.

“ಮಾಂಯ್, ನಳಿನಕ್ಕ ಹೇಳಿದ ಹೊಗೆಕೊಳವೆಯ ಒಲೆ ಹಾಕಿಸುವಾ?” ಝೀಟಾ ಅತ್ತೆಯನ್ನು ಕೇಳಿದಳು. ನಳಿನಕ್ಕ ಎಂದರೆ ಊರಿನ ಆರೋಗ್ಯ ಕಾರ್ಯಕರ್ತೆ ನಳಿನಾಕ್ಷಿ.

“ನನ್ನ ಒಲೆಯಲ್ಲಿ ಹೊಗೆ ಎಲ್ಲುಂಟು ಮಾರಾಯ್ತಿ?” ಬರ್ತಾ ಬಾಯಿ ಸೊಂಟಕ್ಕೆ ಕೈಯಿಟ್ಟರು. “ಚಿಮಿಣಿ ಎಣ್ಣೆ ಸುರಿದು ಹೊತ್ತಿಸುವಾಗ ಕಪ್ಪು ಹೊಗೆ ಏಳುತ್ತದೆ, ಹೌದು. ಆಗ ನಾನೇ ಮಗುವನ್ನು ಹೊರಗೆ ಒಯ್ಯುತ್ತೇನೆ. ಮತ್ತೆ ಒಣ ಕಟ್ಟಿಗೆಯದ್ದು ಕಣ್ಣಿಗೇ ಕಾಣುವುದಿಲ್ಲ. ಕಾಣದ್ದು ಎಂತ ಮಾಡುತ್ತದೆ? ಇದು ನನ್ನ ಅತ್ತೆ ಕಟ್ಟಿದ ಒಲೆ. ಅವರೇ ಬಂದು ಹೇಳಲಿ, ಒಡೆಯುತ್ತೇನೆ.”

ಆ ಅತ್ತೆ ತೀರಿಕೊಂಡು ಹನ್ನೊಂದು ವರ್ಷ.

ಈ ಮಾತು ಅಂಗಳದಲ್ಲಿದ್ದ ದೇಜಪ್ಪನ ಕಿವಿಗೆ ಬಿತ್ತು. ದೇಜಪ್ಪ ಒಲೆ ಕಟ್ಟುವವ, ಮನೆಯ ಮಾಡು ಹತ್ತಿ ಹಂಚು ಸರಿಮಾಡುವವ. ಬಸ್ಸಿನ ಕಂಡಕ್ಟರನದ್ದಾಗಲಿ, ಮೊಟ್ಟೆ ಇಟ್ಟ ಕೋಳಿಯದ್ದಾಗಲಿ, ಊರಿನ ಎಲ್ಲ ದನಿಗಳನ್ನೂ ಅಣಕಿಸಲು ಗಂಟಲಲ್ಲೇ ಇಟ್ಟುಕೊಂಡಿದ್ದವ. ಅವನು ಝೀಟಾಳತ್ತ ಕಣ್ಣು ಮಿಟುಕಿಸಿದ.

ಮರುದಿನ ಬೆಳಿಗ್ಗೆ ಬರ್ತಾ ಬಾಯಿ ಒಲೆ ಹೊತ್ತಿಸಿ ದನದ ಹಟ್ಟಿಗೆ ಹೋದದ್ದೇ ತಡ, ದೇಜಪ್ಪ ಮಾಡು ಹತ್ತಿ ಅಡುಗೆಮನೆಯ ಗಾಜಿನ ಹಂಚನ್ನು ಕಿತ್ತು, ಉಜ್ಜಿ, ತೊಳೆದು, ತಿರುಗಿ ಕೂರಿಸಿದ. ವರ್ಷಗಟ್ಟಲೆ ಮಸಿ ಹಿಡಿದು ಅದು ಗಾಜು ಎಂಬುದೇ ಮನೆಯವರಿಗೆ ಮರೆತುಹೋಗಿತ್ತು.

ಬರ್ತಾ ಬಾಯಿ ಒಳಗೆ ಕಾಲಿಟ್ಟರು. ಮಾಡಿನಿಂದ ನೆಲದವರೆಗೆ, ತೊಟ್ಟಿಲಿನ ಪಕ್ಕದಲ್ಲೇ, ನೀಲಿ ಬೆಳಕಿನ ಕಂಬವೊಂದು ನಿಂತಿತ್ತು! ಶಿಲುಬೆಯ ಗುರುತು ಮಾಡಿ ಅಲ್ಲೇ ಮೊಣಕಾಲೂರಿದರು.

“ಬರ್ತಾ...” ಮಾಡಿನ ಮೇಲಿಂದ ಸತ್ತ ಅತ್ತೆಯ ನಡುಗುವ ದನಿ. “ಮಗುವನ್ನು ಹೊರಗೆ ತೆಗೆ. ಒಲೆ ಒಡೆಸು, ನನ್ನ ಚಿನ್ನದಂಥ ಮಗಳೇ...”

ಬರ್ತಾ ಬಾಯಿ ಥಟ್ಟನೆ ಎದ್ದರು. “ನನ್ನ ಅತ್ತೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಚಿನ್ನ ಎಂದವರಲ್ಲ! ಇಳಿ ಕೆಳಗೆ, ದೇಜಪ್ಪ!”

ದನಿ ಸಿಕ್ಕಿಬಿತ್ತು. ಕಂಬ ಮಾತ್ರ ನಿಂತೇ ಇತ್ತು.

“ಇದೆಂತದು ಹಾಗಾದರೆ?”

ಝೀಟಾ ಕರೆದಿದ್ದ ನಳಿನಾಕ್ಷಿ ಬಾಗಿಲಲ್ಲೇ ಇದ್ದಳು. “ಬಾಯಮ್ಮ, ಅಂಗಳದಲ್ಲಿಯೂ ಇದೇ ಬಿಸಿಲು. ಅಲ್ಲಿ ಕಂಬ ಉಂಟಾ?”

“ಇಲ್ಲ.”

“ಇಲ್ಲಿ ಉಂಟು. ಯಾಕೆಂದರೆ ನೀವು ಕಾಣುವುದಿಲ್ಲ ಎಂದ ಹೊಗೆ ಬೆಳಕನ್ನು ಸುತ್ತ ಚೆಲ್ಲುತ್ತದೆ. ಕಪ್ಪು ಗೋಡೆಯ ಎದುರು ನೀಲಿ. ಈಗ ಅದೇ ಹೊಗೆ ಕಿಟಕಿಯಿಂದ ಹೋಗುವುದನ್ನು ಆಕಾಶದ ಎದುರು ನೋಡಿ.”

“ಅರೇ, ಕಂದು! ತಿಳಿ ಚಹಾದ ಹಾಗೆ!”

“ಮತ್ತೆ ಇದು ಕಪ್ಪು ಯಾಕೆ?” ಕೆಳಗಿಳಿದು ಬಂದ ದೇಜಪ್ಪ ಹಂಚು ಒರೆಸಿದ ಬಟ್ಟೆ ತೋರಿಸಿದ.

“ಮಸಿಯ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗೊಂಚಲಾದರೆ ಬೆಳಕನ್ನು ನುಂಗುತ್ತವೆ, ಕಪ್ಪಾಗಿ ಕಾಣುತ್ತವೆ. ಹೊಗೆಯ ತೀರಾ ಸಣ್ಣ ಕಣಗಳು ಬೆಳಕಿನಲ್ಲಿರುವ ನೀಲಿಯನ್ನೇ ಹೆಚ್ಚು ಚೆಲ್ಲುತ್ತವೆ; ಅವುಗಳನ್ನು ದಾಟಿ ನೇರ ಬರುವ ಬೆಳಕು ಕಂದು. ಬಿಸಿಲುಕೋಲು ಬೀಳದಿದ್ದರೆ ಅವು ಕಾಣುವುದೇ ಕಷ್ಟ. ಮಣಿಪಾಲದ ತರಬೇತಿಯಲ್ಲಿ ನಾನೂ ಕಣ್ಣಾರೆ ಕಂಡೆ.”

“ಸಣ್ಣದು ತಾನೆ? ತೊಂದರೆ ಇಲ್ಲ, ಅಲ್ವಾ?” ಬರ್ತಾ ಬಾಯಿ ಕೇಳಿದರು.

“ಸಣ್ಣದರದ್ದೇ ತೊಂದರೆ! ಜರಡಿ ಹಿಡಿದ ಕೈ ನಿಮ್ಮದು. ನುಚ್ಚು ಮೇಲೆ ನಿಲ್ಲುತ್ತದೆ. ಹಿಟ್ಟು?”

“ಕೆಳಗೆ ಇಳಿಯುತ್ತದೆ.”

“ಮೂಗೂ ಒಂದು ಜರಡಿ. ದೊಡ್ಡ ಮಸಿ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಸಣ್ಣದು ಮಗುವಿನ ಎದೆಯ ತಳಕ್ಕೆ ಇಳಿಯುತ್ತದೆ.”

ತೊಟ್ಟಿಲಲ್ಲಿ ಡೆನಿಸ್ ಕೆಮ್ಮಿದ. ಬರ್ತಾ ಬಾಯಿ ಅವನನ್ನು ಬಾಚಿ ಎತ್ತಿಕೊಂಡು ಅಂಗಳಕ್ಕೆ ಬಂದರು. “ಕಪ್ಪು ಹೊಗೆ ಕಂಡಾಗ ಹೊರಗೆ ಓಡಿದೆ. ನೀಲಿಯಲ್ಲಿ ಕೂತು ಜೋಗುಳ ಹಾಡಿದೆನಲ್ಲ, ಝೀಟಾ!” ಮೂಗು ಒರೆಸಿಕೊಂಡು ಸೇರಿಸಿದರು: “ದೇಜಪ್ಪ, ನಾಳೆಯೇ ಮಣ್ಣು ಕಲಸು. ಭತ್ತ ಬೇಯಿಸುವ ಹಂಡೆ ಕೂರಬೇಕು, ನೆನಪಿರಲಿ.”

ಹೊಸ ಒಲೆಯ ಹೊಗೆ ಕೊಳವೆ ಹಿಡಿದು ಮಾಡಿನಾಚೆ ಹೋಯಿತು. ತೊಟ್ಟಿಲು ಚಾವಡಿಗೆ ಬಂತು. ಡಾಕ್ಟರರ ಮದ್ದಿಗೂ ಈಗ ಹಿಡಿತ ಸಿಕ್ಕಿತು. ಕೆಮ್ಮು ದಿನದಿನಕ್ಕೆ ಇಳಿಯಿತು. ಹೊಸ ಒಲೆಯಲ್ಲಿ ಬೆಂದ ಮೊದಲ, ಇಡ್ಲಿಯಂಥ ಸನ್ನಾಗಳನ್ನು ಝೀಟಾ ಬಾಳೆಲೆಯಲ್ಲಿ ಕಟ್ಟಿ ದೇಜಪ್ಪ, ನಳಿನಾಕ್ಷಿ ಇಬ್ಬರ ಮನೆಗೂ ತಾನೇ ನಡೆದು ಕೊಟ್ಟು ಬಂದಳು. “ಮಗು ನಿನ್ನೆ ರಾತ್ರಿ ಪೂರ್ತಿ ನಿದ್ದೆ ಮಾಡಿದ, ನಳಿನಕ್ಕ,” ಎಂದಷ್ಟೇ ಹೇಳಿದಳು. ಅಷ್ಟು ಸಾಕಿತ್ತು. ಈಗ ಅಡುಗೆಮನೆಯಲ್ಲಿ ಕಂಬವಿಲ್ಲ. ನೆಲದ ಮೇಲೆ ಒಂದು ತುಂಡು ಬಿಸಿಲು ಮಾತ್ರ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಜಿನ ಹಂಚನ್ನೂ ಒಮ್ಮೆ ಒರೆಸಿ. ಒಲೆ ಉರಿಯುವಾಗ ಬಿಸಿಲುಕೋಲು ನೀಲಿಯಾಗಿ ನಿಂತರೆ, ಮೊದಲು ಮಗುವನ್ನು ಹೊರಗೆ ತನ್ನಿ, ಕಿಟಕಿ ತೆರೆಯಿರಿ, ಹೊಗೆಕೊಳವೆಯ ಒಲೆ ಹಾಕಿಸಿ. ಹೊಗೆ ಕಪ್ಪಾಗುವವರೆಗೆ ಕಾಯಬೇಡಿ.

ನಂಬಿಕೆ ಬಾರದಿದ್ದರೆ ಇನ್ನಂಜೆಗೆ ಬನ್ನಿ. ದೇಜಪ್ಪ ಈಗ ಹೊಸ ದನಿಯೊಂದನ್ನು ಕಲಿತಿದ್ದಾನೆ. ಸೊಂಟಕ್ಕೆ ಕೈಯಿಟ್ಟು, “ನನ್ನ ಒಲೆಯಲ್ಲಿ ಹೊಗೆ ಎಲ್ಲುಂಟು ಮಾರಾಯ್ತಿ?” ಎನ್ನುತ್ತಾನೆ. ಝೀಟಾ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ, ನಳಿನಾಕ್ಷಿ ಬಗ್ಗಿ ಬಗ್ಗಿ ನಗುತ್ತಾಳೆ. ಆದರೆ ಗದ್ದೆಯಾಚೆಗೂ ಕೇಳುವ ನಗು ಬರ್ತಾ ಬಾಯಿಯದ್ದು.