ಒಳಗೆ ಮೊದಲು ಏನಿತ್ತು?

ಮುಚ್ಚಿದ ಯಾವ ವಸ್ತುವನ್ನೂ ನನ್ನ ಸೋದರಮಾವ ತಟ್ಟಿ ನೋಡದೆ ಮುಟ್ಟುತ್ತಿರಲಿಲ್ಲ. ಕಲ್ಲಂಗಡಿಯನ್ನಾದರೆ ಎಲ್ಲರೂ ತಟ್ಟುತ್ತಾರೆ, ಇವರು ಅಡುಗೆಮನೆಯ ಡಬ್ಬಿ, ಬಾಗಿಲು ಹಾಕಿದ ಕಪಾಟು, ಕೊನೆಗೆ ಪರೀಕ್ಷೆಗೆ ಓದುತ್ತ ಕೂತ ನನ್ನ ತಲೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಖಾಲಿ ಇದೆ. ಹುಷಾರು!" ಎಂದು ಗಂಭೀರವಾಗಿ ತೀರ್ಪು ಕೊಡುತ್ತಿದ್ದರು.

ನನ್ನ ತಂದೆಯ ಗುಜರಿ ಅಂಗಳದಲ್ಲಿ ಹಳೆಯ ಬಾಯ್ಲರು, ತೊಲೆ, ಟ್ಯಾಂಕುಗಳನ್ನು ಗ್ಯಾಸಿನ ಬೆಂಕಿಯಿಂದ ಕತ್ತರಿಸುವುದು ಅವರ ಕೆಲಸ. ಸಿಲಿಂಡರನ್ನು ಓರೆಮಾಡಿ ಉರುಳಿಸುತ್ತ ನಡೆದೂ ನಡೆದೂ, ಬರಿಗೈಯಲ್ಲಿ ಹೋಗುವಾಗಲೂ ಎಡಕ್ಕೆ ವಾಲುತ್ತಿದ್ದರು. ಕಿಡಿ ಬಿದ್ದು ಜರಡಿಯಾದ ದಪ್ಪ ಕೋಟನ್ನು ಕಡುಬೇಸಿಗೆಯಲ್ಲೂ ಕಳಚುತ್ತಿರಲಿಲ್ಲ. ಅದರ ಜೇಬಿನಲ್ಲಿ ಸಿಲಿಂಡರು ತೆರೆಯುವ ಕೀಲಿ ಸದಾ ಇರುತ್ತಿತ್ತು. ಹೊಗೆಯುಗುಳುತ್ತ ಹೊತ್ತಿಕೊಂಡ ಹಳದಿ ಜ್ವಾಲೆ ಅವರ ಬೆರಳ ತಿರುವಿಗೆ ನೀಲಿಯಾಗಿ, ಮೊನಚಾಗಿ, ಕಬ್ಬಿಣದ ಒಂದು ಬಿಂದುವನ್ನು ಕೆಂಪೇರಿಸಿದ ಕ್ಷಣದಲ್ಲೇ ಆಮ್ಲಜನಕ ಭೋರೆಂದು ನುಗ್ಗಿ ಕಿಡಿಗಳು ಸುರಿಯುತ್ತಿದ್ದವು. ಕಬ್ಬಿಣ ಕರಗುತ್ತಿದೆ ಎಂದು ನಾನು ಬೆರಗಾದರೆ, "ಕರಗ್ತಿಲ್ಲ ಕಣೇ, ಉರೀತಿದೆ. ಸೌದೆ ಥರಾನೇ," ಅನ್ನುವರು.

ಕಬ್ಬಿಣವನ್ನೇ ಉರಿಸುವ ಈ ಮನುಷ್ಯನಿಗೆ ಖಾಲಿ ಡ್ರಮ್ಮು ಕಂಡರೆ ಎದೆ ಡವಡವ. ಎಣ್ಣೆ ಹೋದರೂ ಆವಿ ಉಳಿದಿರುತ್ತದೆ, ಸಿಡಿಯಲು ಒಂದು ಕಿಡಿ ಸಾಕು ಎಂದು ಅವರಿಗೆ ಗೊತ್ತು. ಹಾಗಾಗಿ ಎಲ್ಲದಕ್ಕೂ ಒಂದೇ ಪ್ರಶ್ನೆ: "ಒಳಗೆ ಮೊದಲು ಏನಿತ್ತು?"

ಒಂದು ಸಂಜೆ ಅಪ್ಪ ಪೆಟ್ರೋಲಿನ ಹಳೆಯ ಟ್ಯಾಂಕೊಂದನ್ನು ತರಿಸಿದರು. ಕೊಳ್ಳುವವನ ಲಾರಿ ಗೇಟಿನಲ್ಲೇ ಕಾದು ನಿಂತಿತ್ತು. ಮಾವ ತಟ್ಟಿದರು, ಮೂಸಿದರು, ಕೀಲಿಯನ್ನು ಜೇಬಿಗಿಳಿಸಿದರು.

"ಇವತ್ತಾಗಲ್ಲ ಭಾವ. ಆವಿ ಹೋಗೋ ಹಾಗೆ ತೊಳೆದು, ನೀರು ತುಂಬಿಸ್ಬೇಕು."

"ವಾಸನೆಯೇ ಇಲ್ಲ! ಗುಬ್ಬಿ ಎದೆ ಇಟ್ಕೊಂಡು ಬೆಂಕಿ ಕೆಲಸಕ್ಕೆ ಯಾಕ್ರೀ ಬಂದ್ರಿ?" ಅಪ್ಪ ಕೈ ಚಾಚಿದರು. "ಕೀಲಿ ಕೊಡಿ, ನಾನೇ ಕತ್ತರಿಸ್ತೀನಿ. ಇಲ್ಲಾಂದ್ರೆ ನಾಳೆಯಿಂದ ಈ ಗೇಟು ದಾಟ್ಬೇಡಿ."

ಒದ್ದೆ ಕೈಯಲ್ಲೇ ಹೊರಗೆ ಬಂದ ಅಮ್ಮ ಗಂಡನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದಳು. ನನಗೆ ಅಳುವೇ ಬಂದಿತ್ತು.

"ನನಗೆ ಕೆಲಸ ಇನ್ನೆಲ್ಲಾದ್ರೂ ಸಿಗುತ್ತೆ ಭಾವ," ಎಂದರು ಮಾವ. "ನನ್ನ ತಂಗಿಗೆ ನೀವು ಇನ್ನೆಲ್ಲಿ ಸಿಗ್ತೀರಿ?"

ಕೀಲಿಯ ಸಮೇತ ಎಡಕ್ಕೆ ವಾಲುತ್ತ ಹೊರಟೇಹೋದರು. ಲಾರಿ ಬರಿದೇ ಹಿಂತಿರುಗಿತು.

ಬೆಳಿಗ್ಗೆ ನೋಡಿದರೆ ಮಾವ ಗೇಟಿನ ಹೊರಗೆ ಕೋಟು ಹಾಕಿಕೊಂಡು ನಿಂತಿದ್ದಾರೆ. ದಾಟಬೇಡಿ ಎಂದಿದ್ದರಲ್ಲ, ದಾಟಿರಲಿಲ್ಲ. ಅಮ್ಮ ಯಾರನ್ನೂ ಕೇಳದೆ ಪೈಪೆಳೆದು ತಂದು ಟ್ಯಾಂಕಿನ ಬಾಯಿಗಿಟ್ಟು ನಲ್ಲಿ ತಿರುಗಿಸಿದಳು. ಅಪ್ಪ ಬಹಳ ಹೊತ್ತು ಮುಖ ಗಂಟಿಕ್ಕಿಕೊಂಡು ನಿಂತಿದ್ದವರು, ನೀರು ಉಕ್ಕಿ ಕಾಲಿಗೆ ತಾಗಿದಾಗ ಹೋಗಿ ಗೇಟು ತೆರೆದರು.

ಮಾವನ ಬೆಂಕಿಗೆ ಟ್ಯಾಂಕು ಸಿಡಿಯದೆ ಎರಡು ಹೋಳಾಯಿತು.

"ಏನೂ ಆಗ್ಲಿಲ್ವಲ್ಲ ಭಾವ!" ಅಪ್ಪ ನಕ್ಕರು.

"ಹೂಂ, ಆಗ್ಲಿಲ್ಲ," ಎಂದು ಮಾವ ಕೋಟು ಕೊಡವಿಕೊಂಡರು.

ಅಪ್ಪ ತುಂಬು ವಯಸ್ಸಿನವರೆಗೆ ಬದುಕಿ, ಬಂದವರಿಗೆಲ್ಲ ಭಾವನ ಪುಕ್ಕಲುತನದ ಕಥೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೆಂಕಿ ಹಚ್ಚಿದವನಿಗೆ ಬೂದಿಯ ಸಾಕ್ಷಿಯಿದೆ, ಆರಿಸಿದವನಿಗೂ ಇದೆ. ಹೊತ್ತಿಕೊಳ್ಳದಂತೆ ಕಾದವನಿಗೆ ಯಾವ ಸಾಕ್ಷಿಯೂ ಇಲ್ಲ. ಇಂಥವರನ್ನು ಕಂಡು ಲೋಕ ನಗುವುದು ಸಹಜ. ನಗಲು ಜನ ಉಳಿದಿರುವುದು, ಬಹುಶಃ, ಇವರಿಂದಲೇ.