ಇಬ್ಬರೂ ಮಗುಚಿದ ತೋಳು

"ಕದ್ದವಳು ನೀನು! ನನ್ನ ಹೊಲಿಗೆ ನೋಡ್ಕೊಂಡೇ ಹೊಲ್ದಿದೀಯ!"

ಬಟ್ಟೆ ಕಾರ್ಖಾನೆಯ ಟೈಲರ್ ಮಾಸ್ಟರ್ ಎದುರಿಗೇ ನನ್ನ ನಾದಿನಿ ಕೂಗಾಡಿದಳು. ಅತ್ತಿಗೆ ಅನ್ನುವ ಮರ್ಯಾದೆಯನ್ನೂ ಗಾಳಿಗೆ ತೂರಿದ್ದಳು.

"ನೀನು ಆ ರೂಮಲ್ಲಿ, ನಾನು ಈ ರೂಮಲ್ಲಿ. ಗೋಡೆ ತೂರಿ ನೋಡಿದ್ನೇನೇ?" ಅಂದೆ.

ಮೇಜಿನ ಮೇಲೆ ನಾವಿಬ್ಬರೂ ಪರೀಕ್ಷೆಗೆಂದು ಹೊಲಿದ ಅಂಗಿಗಳು ಬಿದ್ದಿದ್ದವು. ಎರಡರಲ್ಲೂ ಬಲತೋಳು ಎಡಕ್ಕೆ, ಎಡತೋಳು ಬಲಕ್ಕೆ. ಕಾರ್ಖಾನೆಯಲ್ಲಿ ಮಾದರಿ ಅಂಗಿ ಹೊಲಿಯುವ ಒಂದೇ ಒಂದು ಜಾಗ ಖಾಲಿಯಿತ್ತು. ಅದು ಸಿಕ್ಕರೆ ಬೇರೆ ಮನೆ ಹಿಡಿಯುತ್ತೇನೆ, ಅಣ್ಣ ಅತ್ತಿಗೆಯ ಹಂಗು ಸಾಕು ಎಂದು ಅವಳು ಊರಿಗೆಲ್ಲ ಹೇಳಿಕೊಂಡಿದ್ದಳು. ನನಗೂ ಆ ಕೆಲಸ ಬೇಕಿತ್ತು. ಬಿಟ್ಟುಕೊಡಲು ನಾನೇನು ದೇವತೆಯೇ?

"ತೋಳು ಬಿಟ್ರೆ ನಿಮ್ಮಷ್ಟು ಚೆನ್ನಾಗಿ ಯಾರೂ ಹೊಲ್ದಿಲ್ಲ. ಕದ್ದಿದ್ಯಾರು ಹೇಳಿ, ಇನ್ನೊಬ್ರಿಗೆ ಕೆಲಸ," ಅಂದ ಮಾಸ್ಟರ್.

"ಯಾರೂ ಕದ್ದಿಲ್ಲ ಮಾಸ್ಟ್ರೇ," ಅಂದೆ. " ಮನೇಲಿ ಒಂದೇ ಮಿಷನ್ನು. ನಾನು ತುಳೀತಿದ್ದೆ, ಇವಳು ಎದುರಿಗೆ ನಿಂತು ಬಟ್ಟೆ ಕೊಡ್ತಿದ್ಲು. ತೋಳು ಮಗುಚಿ ಕೊಟ್ರೇನೇ ನನಗೆ ಸರಿಯಾಗಿ ಬರೋದು. ಸರದಿ ಬದಲಾಯಿಸ್ಕೊಂಡು ಇಬ್ರೂ ಹಾಗೇ ಕಲಿತ್ವಿ. ಇಲ್ಲಿ ಯಾರೂ ಎದುರಿಗಿಲ್ಲ, ಆದ್ರೂ ಮಗುಚಿದ್ವಿ. ಈ ಬಟ್ಟೆಗೆ ಒಳಗು ಹೊರಗು ಎರಡೂ ಒಂದೇ, ಗೊತ್ತಾಗ್ಲಿಲ್ಲ. ಕೂಡಿ ಕಲಿತ್ರೆ ಮಿದುಳೂ ಒಂದೇ ಅಚ್ಚಿಗೆ ಬೀಳುತ್ತೆ."

"ನನ್ನ ಮಿದುಳಿಗೆ ನಿನ್ನ ಅಚ್ಚು ಬೇಡ!" ಅಂದಳು ನಾದಿನಿ.

ಮಾಸ್ಟರ್ ನಗಲಿಲ್ಲ. ಇಬ್ಬರನ್ನೂ ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಹೊಸ ಬಟ್ಟೆ ಕೊಟ್ಟ. ಉಳಿದ ಹೆಂಗಸರು ಕೆಲಸ ಬಿಟ್ಟು ಸುತ್ತ ನೆರೆದರು.

ಹೊಲಿಯತೊಡಗಿದೆವು. ನನ್ನ ಮಿಷನ್ ನಿಂತಾಗ ಅವಳದ್ದೂ ನಿಂತಿತು. ನಾನು ದಾರ ಕತ್ತರಿಸಿದಾಗ ಬೆನ್ನ ಹಿಂದೆಯೂ ಕತ್ತರಿ ಸದ್ದಾಯಿತು. ಯಾರೋ ಕಿಸಕ್ಕೆಂದರು.

"ಅವಳಿ ಜವಳಿ ಕಣ್ರೇ! ಒಬ್ಳು ಸೀನಿದ್ರೆ ಇನ್ನೊಬ್ಳು ಮೂಗು ಒರೆಸ್ಕೋತಾಳೆ!"

ನಾದಿನಿ ಬೇಕೆಂದೇ ನಿಧಾನ ಮಾಡಿದಳು. ನಾನು ಮುನ್ನುಗ್ಗಬೇಕೆಂದುಕೊಂಡೆ. ಹಾಳಾದ ಕಾಲು ನನ್ನ ಮಾತು ಕೇಳಬೇಕಲ್ಲ! ಅದೂ ನಿಧಾನವಾಯಿತು. ಅವಳು ಸಿಟ್ಟಿನಿಂದ ಜೋರು ಮಾಡಿದಳು, ನನ್ನದೂ ಜೋರಾಯಿತು.

"ಹಿಂದೆ ಬರ್ಬೇಡ ಅಂದೆ!" ಎಂದು ಕಿರುಚಿದಳು.

"ಹಿಂದೆ ಬರ್ತಿರೋದು ನೀನೋ ನಾನೋ, ಯಾರಿಗ್ಗೊತ್ತು? ಸುಮ್ನೆ ಹೊಲಿಯೇ!"

ತೋಳಿನ ಸರದಿ ಬಂತು. ಮಗುಚಲು ಹೋದ ನನ್ನ ಕೈ ತಡೆಯಿತು. ಹಿಂದೆ ಅವಳ ಬಳೆಯೂ ಒಮ್ಮೆ ಸದ್ದು ಮಾಡಿ ನಿಂತಿತು. ಈ ಸಲ ಇಬ್ಬರೂ ಸರಿಯಾಗಿ ಹೊಲಿದೆವು.

ಮಾಸ್ಟರ್ ಎರಡೂ ಅಂಗಿ ತಿರುಗಿಸಿ ತಿರುಗಿಸಿ ನೋಡಿದ. "ಕದ್ದಿಲ್ಲ, ಒಪ್ಪಿದೆ. ಯಾವುದು ಯಾರದು ಅಂತ ನನಗೇ ತಿಳೀತಿಲ್ಲ. ಹಾಗಿದ್ಮೇಲೆ ಯಾರಾದ್ರೇನು? ವಯಸ್ಸಲ್ಲಿ ದೊಡ್ಡವರು, ಅತ್ತಿಗೆಯೇ ಮಾಡ್ಲಿ."

"ಯಾರಾದ್ರೇನಾ?" ನಾದಿನಿ ಎದ್ದಳು. ಮುಖ ಕೆಂಪಾಗಿತ್ತು. "ಊಟಕ್ಕೆ ಅವರ ಮನೆ. ಕೈಗೆ ಅವರ ಮಿಷನ್ನು. ಈಗ ತಲೇನೂ ಅವರದ್ದೇನಾ? ನಾನು ಅಂತ ಏನಾದ್ರೂ ಉಳಿದಿದೆಯಾ ಇಲ್ಲಿ?"

"ಬಾಯಿ ಮುಚ್ಕೊಂಡು ಕೂತ್ಕೋ. ಮನೇಲಿ ಮಾತಾಡೋಣ," ಅಂದೆ.

"ನಿನ್ನ ಮನೇಲಾ?"

ಅಂಗಿಯನ್ನು ನನ್ನ ಮುಖಕ್ಕೆ ಎಸೆದು, ಹೆಂಗಸರನ್ನು ತಳ್ಳಿಕೊಂಡು ಹೊರಟಳು. ನಾನು ಕರೆಯಲಿಲ್ಲ. ಹೊಟ್ಟೆ ಹಸಿದರೆ ತಾನೇ ಬರುತ್ತಾಳೆ ಎಂದುಕೊಂಡೆ.

ಆ ದಿನದ ನಂತರ ಅವಳು ಮನೆಗೂ ಬರಲಿಲ್ಲ, ಕಾರ್ಖಾನೆಗೂ ಬರಲಿಲ್ಲ.